ವೈಟ್ ಬ್ಯಾಲೆನ್ಸ್ ಉಡಚಮ್ಮ

ಮೊದಲು ಆ ಬೋರ್ಡಿನ ವಿಚಾರ ಹೇಳಿಬಿಡಬೇಕು. ದಾವಣಗೆರೆಯ ಮಂಡಿಪೇಟೆಯಲ್ಲಿ ಮಾಲತೇಶಪ್ಪನವರ ಕಲರ್ ಲ್ಯಾಬ್ ಇದೆ. ಊರಿನ ಫೋಟೋಗ್ರಾಫರುಗಳೆಲ್ಲ ಮದುವೆ, ಸೀಮಂತ, ನಾಮಕರಣದ ಫೋಟೋಗಳನ್ನು ತಂದು ಬಣ್ಣ ಸರಿ ಮಾಡಿಸಿ ಆಲ್ಬಂ ಹಾಕಿಸಿಕೊಂಡು ಹೋಗುವ ಜಾಗ. ಎರಡು ವರ್ಷದ ಹಿಂದೆ ಮಾಲತೇಶಪ್ಪನವರಿಗೆ ಏನನ್ನಿಸಿತೋ, ಬಾಗಿಲ ಮೇಲೆ ಒಂದು ಹೊಸ ಬೋರ್ಡು ಹಾಕಿಸಿದರು: 'ಇಲ್ಲಿ ಎಲ್ಲಾ ಫೋಟೋಗಳಿಗೂ ವೈಟ್ ಬ್ಯಾಲೆನ್ಸ್ ಮಾಡಿಕೊಡಲಾಗುತ್ತದೆ.' ಹಾಕಿಸುವ ಮೊದಲು, ಒಳಗೆ ಕೂತು ಆ ಕೆಲಸ ಮಾಡುವವಳನ್ನು ಒಂದು ಮಾತು ಕೇಳಬಹುದಿತ್ತು. ಕೇಳಲಿಲ್ಲ, ಅನುಭವಿಸಿದರು.

ಮಾರನೇ ದಿನವೇ ವಿದ್ಯಾನಗರದಿಂದ ಸ್ಕೂಟರಿನಲ್ಲಿ ಒಬ್ಬ ಹೆಂಗಸು ಬಂದಳು. ಮಗಳ ಫೋಟೋವನ್ನು ಕೌಂಟರಿನ ಮೇಲಿಟ್ಟು, "ಹುಡುಗಿ ಒಂಚೂರು ಕಪ್ಪದಾಳ್ರಿ. ಗಂಡಿನ ಕಡೆಯೋರಿಗೆ ಕಳಿಸ್ಬೇಕು, ಚೆನ್ನಾಗಿ ವೈಟ್ ಬ್ಯಾಲೆನ್ಸ್ ಹಚ್ಚಿಕೊಡ್ರಿ" ಅಂದಳು. ಹಚ್ಚಬೇಕಂತೆ! ಗೋಡೆಗೆ ಸುಣ್ಣ ಹಚ್ಚಿದ ಹಾಗೆ!

ಒಳಗಿನ ಕ್ಯಾಬಿನ್ನಿಂದ ಉಡಚಮ್ಮ ಎದ್ದು ಬಂದಳು. ಸೀರೆಯ ಮೇಲೆ ಗಂಡಸರ ಬೂದು ಬಣ್ಣದ ದೊಗಳೆ ಶರ್ಟು ತೊಟ್ಟವಳನ್ನು ಕಂಡು ಆ ಹೆಂಗಸಿಗೆ ಮೊದಲೇ ಗಲಿಬಿಲಿ. "ಅದು ಮುಖ ಬೆಳ್ಳಗೆ ಮಾಡೋದಲ್ರೀ ಅಕ್ಕಾರೆ. ಬೆಳ್ಳಗಿರೋದನ್ನ ಬೆಳ್ಳಗೆ ಮಾಡೋದು" ಅಂದಳು ಉಡಚಮ್ಮ.

"ಬೆಳ್ಳಗಿರೋದನ್ನ ಬೆಳ್ಳಗೆ ಮಾಡಾಕ ನಾನು ಇಷ್ಟು ದೂರ ಯಾಕ ಬರ್ಲಿ? ಮನ್ಯಾಗ ಸೋಪಿನ ಪುಡಿ ಐತೆ" ಎಂದು ಆಕೆ ಫೋಟೋ ಎತ್ತಿಕೊಂಡು ಹೋದಳು. ಕೌಂಟರಿನಲ್ಲಿದ್ದವರು ನಕ್ಕಿದ್ದೇ ನಕ್ಕಿದ್ದು. ಆವತ್ತಿನಿಂದ ಮಂಡಿಪೇಟೆಯಲ್ಲಿ ಅವಳ ಹೆಸರು ವೈಟ್ ಬ್ಯಾಲೆನ್ಸ್ ಉಡಚಮ್ಮ. ಬೋರ್ಡು ಮಾತ್ರ ಇನ್ನೂ ಹಾಗೇ ಇದೆ, ಮಾಲತೇಶಪ್ಪನವರು ಬರೆಸಿದ್ದನ್ನು ಅಳಿಸುವ ಪೈಕಿಯವರಲ್ಲ.

ವಿಷಯ ಇಷ್ಟೇ. ಕ್ಯಾಮೆರಾಕ್ಕೆ ಬುದ್ಧಿ ಇಲ್ಲ. ಹಸಿರು ಟ್ಯೂಬ್‌ಲೈಟ್ ಕೆಳಗೆ ನಿಲ್ಲಿಸಿದರೆ ಮದುವಣಿಗ ಹಸಿರಾಗಿಬಿಡುತ್ತಾನೆ. ಕೆಂಪು ಶಾಮಿಯಾನದ ಕೆಳಗೆ ಊಟಕ್ಕೆ ಕೂತ ಪಂಕ್ತಿಗೆ ಪಂಕ್ತಿಯೇ ಜ್ವರ ಬಂದವರಂತೆ ಕೆಂಪಾಗುತ್ತದೆ. ಈಗಿನ ಛತ್ರಗಳಲ್ಲಂತೂ ವೇದಿಕೆಗೆ ನೇರಳೆ, ನೀಲಿ ದೀಪ ಬಿಟ್ಟು ಬೀಗರನ್ನೆಲ್ಲ ಬದನೆಕಾಯಿ ಮಾಡಿಬಿಡುತ್ತಾರೆ. ಎದುರಿಗೆ ನಿಂತು ನೋಡುವವರ ಕಣ್ಣು ಇದನ್ನೆಲ್ಲ ತಾನೇ ಸರಿಮಾಡಿಕೊಂಡು ನೋಡುತ್ತದೆ, ಕ್ಯಾಮೆರಾ ಬಿದ್ದದ್ದನ್ನು ಬಿದ್ದ ಹಾಗೆ ಹಿಡಿಯುತ್ತದೆ. ಉಡಚಮ್ಮನ ಕೆಲಸ ಏನೆಂದರೆ, ಫೋಟೋದಲ್ಲಿ ನಿಜಕ್ಕೂ ಬೆಳ್ಳಗಿದ್ದ ಒಂದು ವಸ್ತು ಹುಡುಕುವುದು. ಯಾರದೋ ಪಂಚೆ, ಹಾಲಿನ ಲೋಟ, ಮಲ್ಲಿಗೆ ದಂಡೆ, ಏನಾದರೂ ಸರಿ. ಅದರ ಮೇಲೆ ಮೌಸಿಟ್ಟು 'ಇದು ಬಿಳಿ' ಎಂದು ಕಂಪ್ಯೂಟರಿಗೆ ತೋರಿಸಿದರೆ, ದೀಪ ಬಳಿದ ಬಣ್ಣವೆಲ್ಲ ಇಳಿದು ಉಳಿದದ್ದು ತಂತಮ್ಮ ಬಣ್ಣಕ್ಕೆ ಬಂದು ಕೂಡುತ್ತದೆ. ದೀಪ ಬಳಿದದ್ದನ್ನು ತೆಗೆಯುವುದು ತನ್ನ ಕೆಲಸ, ದೇವರು ಕೊಟ್ಟದ್ದನ್ನು ತೆಗೆಯುವುದಲ್ಲ ಎಂದು ಅವಳು ಹದಿನೇಳು ವರ್ಷದಿಂದ ಹೇಳಿಕೊಂಡು ಬಂದಿದ್ದಾಳೆ.

ಆ ಕಣ್ಣು ಅವಳಿಗೆ ಬಂದದ್ದು ಮಂಡಕ್ಕಿಯಿಂದ. ಹರಿಹರ ತಾಲ್ಲೂಕಿನ ಕಡರನಾಯಕನಹಳ್ಳಿಯಲ್ಲಿ ಹುಟ್ಟಿದವಳು. ಹತ್ತು ವರ್ಷದವಳಿದ್ದಾಗ ಅವ್ವ ದಾವಣಗೆರೆಯ ಮಂಡಕ್ಕಿ ಭಟ್ಟಿಯಲ್ಲಿ ಕೆಲಸಕ್ಕೆ ಸೇರಿದಳು. ಶಾಲೆ ಬಿಟ್ಟ ಮೇಲೆ ಇವಳೂ ಜರಡಿಯ ಪಕ್ಕ ಕೂತು, ಕರಕಲಾದದ್ದು, ಕೆಂಪಾದದ್ದು, ಹಳದಿಗೆ ತಿರುಗಿದ್ದು ಎಲ್ಲವನ್ನೂ ಆರಿಸಿ ಬದಿಗೆ ಹಾಕುತ್ತಿದ್ದಳು. ಬಿಳಿಯಲ್ಲಿ ಎಷ್ಟು ಬಿಳಿ ಇವೆ ಎಂದು ಅವಳಿಗೆ ಗೊತ್ತಾದದ್ದು ಅಲ್ಲಿ. ಈಗಲೂ ಅವಳ ಕಂಪ್ಯೂಟರಿನ ಪಕ್ಕ ಒಂದು ಸ್ಟೀಲಿನ ಬಟ್ಟಲಲ್ಲಿ ಬರೀ ಮಂಡಕ್ಕಿ ಇರುತ್ತದೆ. ಬೆಳಗಿಂದ ನೇರಳೆ, ಗುಲಾಬಿ ನೋಡಿ ನೋಡಿ ಕಣ್ಣು ದಾರಿ ತಪ್ಪಿತೋ, ಒಂದು ನಿಮಿಷ ಆ ಬಟ್ಟಲನ್ನೇ ನೋಡುತ್ತಾಳೆ, ಕಣ್ಣು ಸರಿಯಾಗುತ್ತದೆ. ಫೋಟೋಗ್ರಾಫರ್ ದಾನಿಶ್ ಬಂದಾಗಲೆಲ್ಲ, "ಅಕ್ಕ, ಇದಕ್ಕೆ ಒಂಚೂರು ಖಾರ, ಈರುಳ್ಳಿ ಹಾಕ್ಲಾ?" ಎಂದು ಕೆಣಕುತ್ತಾನೆ. "ಮುಟ್ಟಿದ್ರೆ ಕೈ ಮುರಿತೀನಿ" ಅನ್ನುತ್ತಾಳೆ ಇವಳು. ಸಂಜೆ ಹರಿಹರದ ಬಸ್ಸಿನಲ್ಲಿ ಅದನ್ನೇ ತಿಂದುಕೊಂಡು ಮನೆಗೆ ಹೋಗುತ್ತಾಳೆ.

ಆ ಬೂದು ಶರ್ಟು ಗಂಡ ಕಲ್ಲಪ್ಪನದು. ಹರಿಹರದಲ್ಲಿ ಲೇತ್ ಮಷಿನ್ ಕೆಲಸ ಮಾಡುವ ಅವನ ಹಳೇ ಯೂನಿಫಾರ್ಮು. ಬಣ್ಣದ ಸೀರೆ ಉಟ್ಟು ಕೂತರೆ ಸೀರೆಯ ಬಣ್ಣ ಸ್ಕ್ರೀನಿನ ಮೇಲೆ ಬಿದ್ದು ಕಣ್ಣಿಗೆ ಮೋಸ ಮಾಡುತ್ತದೆಂದು ಅದನ್ನು ಹಾಕಿಕೊಳ್ಳುತ್ತಾಳೆ. ನಗುವವರು ನಗಲಿ.

ಇನ್ನು ಅವಳ ಹಟದ ಬೇರು. ಅದೂ ಒಂದು ಫೋಟೋನೇ.

ಇಪ್ಪತ್ತೊಂದು ವರ್ಷದ ಹಿಂದೆ ಅವಳ ಮದುವೆ ಗೊತ್ತುಮಾಡಲು ಹರಿಹರದ ಒಂದು ಸ್ಟುಡಿಯೋದಲ್ಲಿ ಫೋಟೋ ತೆಗೆಸಿದರು. ಕಂಪ್ಯೂಟರ್ ಆಗಷ್ಟೇ ಬಂದಿತ್ತು. ಸ್ಟುಡಿಯೋದವನು ಉಪಕಾರ ಮಾಡುತ್ತೇನೆಂದು ಅವಳ ಮುಖವನ್ನು ಹಾಲಿನಂತೆ ಬೆಳ್ಳಗೆ ಮಾಡಿಬಿಟ್ಟ. ಕೈ ಮಾತ್ರ ಮರೆತ. ಮುಖ ಒಬ್ಬಳದು, ಮಡಿಲಲ್ಲಿಟ್ಟ ಕೈ ಇನ್ನೊಬ್ಬಳದು! ಕಲ್ಲಪ್ಪನ ತಾಯಿ ಫೋಟೋ ನೋಡಿಯೇ ಒಪ್ಪಿದ್ದರು. ಮದುವೆಯ ದಿನ ಹುಡುಗಿ ಬಂದು ಇಳಿದಾಗ, "ಫೋಟೋದಾಕಿ ಎಲ್ಲಿ?" ಅಂದರು. ಅಲ್ಲಿಗೆ ಮುಗಿಯಲಿಲ್ಲ. ಆ ಮಾತು ಅತ್ತೆಯ ಬಾಯಲ್ಲಿ ಹನ್ನೆರಡು ವರ್ಷ ಇತ್ತು. ಸಾರಿಗೆ ಉಪ್ಪು ಹೆಚ್ಚಾದರೆ, "ಫೋಟೋದಾಕಿ ಬಂದಿದ್ರೆ ಹಿಂಗ್ ಮಾಡ್ತಿದ್ಲಾ?" ಯಾರಾದರೂ ನೆಂಟರು ಬಂದರೆ, "ಇವಳು ಫೋಟೋದಾಕಿ ಅಲ್ಲ, ಬಂದಾಕಿ." ಅತ್ತೆ ತೀರಿಕೊಂಡ ದಿನ ಉಡಚಮ್ಮ ಅತ್ತಳು, ನಿಜವಾಗಿಯೇ ಅತ್ತಳು. ಆದರೆ ಆ ಫೋಟೋದ ಮೇಲಿನ ಸಿಟ್ಟು ಇನ್ನೂ ಆರಿಲ್ಲ.

ಹೀಗಿರುವಾಗ ಈ ವರ್ಷದ ಮದುವೆ ಕಾಲದಲ್ಲಿ ದಾನಿಶ್ ಒಂದು ದೊಡ್ಡ ಕೆಲಸ ತಂದ. ಮಂಡಿಪೇಟೆಯ ಬೆಲ್ಲದ ವ್ಯಾಪಾರಿ ಕೆಂಚವೀರಪ್ಪನವರ ಮಗನ ಮದುವೆ. ಹುಡುಗಿ ಹರಿಹರದವಳು, ಕೀರ್ತನಾ ಅಂತ, ಶಾಲೆಯಲ್ಲಿ ಗಣಿತದ ಟೀಚರು. ಸಾವಿರದ ಮುನ್ನೂರು ಫೋಟೋ. "ಅಕ್ಕ, ಛತ್ರದೋರು ಎಂಥಾ ಲೈಟ್ ಹಾಕಿದ್ರು ಅಂದ್ರೆ ನನಗೇ ಅಳು ಬಂತು. ನೀನೇ ಕಾಪಾಡ್ಬೇಕು" ಅಂದ.

ಉಡಚಮ್ಮ ಮೂರು ದಿನ ಕೂತಳು. ನೇರಳೆ ತೆಗೆದಳು, ಹಸಿರು ಇಳಿಸಿದಳು. ಅರಿಶಿನ ಶಾಸ್ತ್ರದ ಫೋಟೋಗಳಲ್ಲಿ ಮಾತ್ರ ಬಹಳ ಹುಷಾರಾಗಿ ಕೈಯಾಡಿಸಿದಳು. ಯಾಕೆಂದರೆ ಅಲ್ಲಿ ಎರಡು ಹಳದಿ ಇದ್ದವು. ಒಂದು ಬಲ್ಬಿನ ಹಳದಿ, ಇನ್ನೊಂದು ಅರಿಶಿನದ್ದೇ ಹಳದಿ. ಮಷಿನ್ನಿಗೆ ಎರಡೂ ಒಂದೇ, ತಾನೇ ಸರಿಮಾಡು ಅಂತ ಬಿಟ್ಟರೆ ಎರಡನ್ನೂ ಒರೆಸಿ ಹಾಕುತ್ತದೆ. ಬಲ್ಬಿನದನ್ನು ತೆಗೆದು ಅರಿಶಿನವನ್ನು ಉಳಿಸಬೇಕು. ಮೂರನೇ ದಿನ ಮಧ್ಯಾಹ್ನ ಕೀರ್ತನಾ ತನ್ನ ಬಣ್ಣದಲ್ಲಿ ಎದ್ದು ಬಂದಳು. ಎಣ್ಣೆಗಪ್ಪು ಮೈ, ಅಗಲವಾದ ಹಣೆ, ನಕ್ಕರೆ ಒಂದು ಕೆನ್ನೆಗೆ ಮಾತ್ರ ಗುಳಿ. "ಎಷ್ಟು ಲಕ್ಷಣವಾಗಿದೀಯವ್ವ" ಎಂದು ಉಡಚಮ್ಮ ಸ್ಕ್ರೀನಿಗೇ ಹೇಳಿದಳು.

ಕೆಂಚವೀರಪ್ಪನವರಿಗೆ ಹಾಗನ್ನಿಸಲಿಲ್ಲ. ಪ್ರಿಂಟು ಹಾಕುವ ಮೊದಲು ಒಂದು ಸಲ ನೋಡುತ್ತೇನೆಂದು ಲ್ಯಾಬಿಗೇ ಬಂದರು. ಬಿಳೀ ಪಂಚೆ, ಬಿಳೀ ಅಂಗಿ, ಕೈಯಲ್ಲಿ ಎರಡು ಫೋನು. ನಾಲ್ಕು ಫೋಟೋ ನೋಡುವಷ್ಟರಲ್ಲಿ ಹುಬ್ಬು ಗಂಟಿಕ್ಕಿತು.

"ಇದೇನ್ರಿ ಮಾಲತೇಶಪ್ಪ, ಸೊಸಿ ಹಿಂಗ್ ಕಾಣ್ತಾಳೆ? ಹೊರಗೆ ಬೋರ್ಡ್ ಹಾಕೀರಿ, ಒಳಗೆ ವೈಟ್ ಬ್ಯಾಲೆನ್ಸೇ ಮಾಡಿಲ್ಲ!"

"ಮಾಡೀನ್ರಿ ಸಾವ್ಕಾರ್ರೆ" ಅಂದಳು ಉಡಚಮ್ಮ. "ನಿಮ್ಮ ಪಂಚೆ ನೋಡ್ರಿ, ಎಷ್ಟು ಬೆಳ್ಳಗೆ ಬಂದೈತೆ. ಮೊದ್ಲು ನೇರಳೆ ಇತ್ತು."

"ನನ್ನ ಪಂಚೆ ಕಟ್ಕೊಂಡು ಏನ್ಮಾಡ್ಲಿ? ಸೊಸಿ ಮುಖ ಬೆಳ್ಳಗಾಗ್ಬೇಕು. ನಮ್ಮ ಮನ್ಯಾಗ ಎಲ್ಲರೂ ಕೆಂಪಗದೀವಿ. ಆಲ್ಬಂ ನಾಕು ಮಂದಿ ನೋಡ್ತಾರೆ. ಹುಡುಗಿ ಒಳ್ಳೇಕಿ, ನಾನೇನೂ ಬ್ಯಾಡ ಅಂದಿಲ್ಲ. ಫೋಟೋದಾಗಷ್ಟೇ ಒಂಚೂರು ಬೆಳ್ಳಗೆ ಮಾಡ್ರಿ ಅಂತೀನಿ."

ಫೋಟೋದಾಗಷ್ಟೇ! ಉಡಚಮ್ಮನಿಗೆ ಕಿವಿಯ ಹತ್ತಿರ ಅತ್ತೆಯ ದನಿ ಕೇಳಿದಂತಾಯಿತು. "ಸಾವ್ಕಾರ್ರೆ, ನಿಮ್ಮ ಅಂಗಡಿಗೆ ಹಾಲಿನಷ್ಟು ಬೆಳ್ಳಗಿರೋ ಬೆಲ್ಲ ಬಂದ್ರೆ ಏನಂತೀರಿ?"

ಕೆಂಚವೀರಪ್ಪನವರಿಗೆ ಬೆಲ್ಲ ಅಂದರೆ ಸಾಕು, ಯಾರು ಕೇಳಿದರು, ಯಾಕೆ ಕೇಳಿದರು ಎಲ್ಲ ಮರೆತುಹೋಗುತ್ತದೆ. "ಮದ್ದು ಹಾಕ್ಯಾರೆ ಅಂತೀನಿ. ಒಳ್ಳೇ ಬೆಲ್ಲ ಬೆಳ್ಳಗೆಲ್ಲಿರ್ತೈತಮ್ಮ?" ಅಂದವರು ಅರ್ಧಕ್ಕೇ ನಿಲ್ಲಿಸಿದರು. ದಾನಿಶ್ ಮೂಲೆಯಲ್ಲಿ ನಗು ತಡೆಯಲಾರದೆ ಕೆಮ್ಮಿದ. ಸಾಹುಕಾರರ ಮುಖ ಕೆಂಪಾಯಿತು, ಈ ಸಲ ನಿಜವಾದ ಕೆಂಪು. "ಬೆಲ್ಲದ ಮಾತು ಬ್ಯಾಡ. ಆಗ್ತೈತೋ ಇಲ್ಲೋ, ಅಷ್ಟು ಹೇಳು."

"ಆಗ್ತೈತ್ರಿ. ನಾನು ಮಾಡಲ್ಲ."

ಕೆಂಚವೀರಪ್ಪನವರು ಮಾಲತೇಶಪ್ಪನವರ ಕಡೆ ಒಂದು ನೋಟ ಬಿಸಾಕಿ, ಚಪ್ಪಲಿ ಮೆಟ್ಟಿ ಹೊರಟೇಬಿಟ್ಟರು.

ಮಾಲತೇಶಪ್ಪನವರು ಕೆಟ್ಟ ಮನುಷ್ಯರಲ್ಲ. ಆಲ್ಬಂಗೆ ಅಂಟು ಹಚ್ಚಲು ಬಂದ ಉಡಚಮ್ಮನಿಗೆ ಕಂಪ್ಯೂಟರ್ ಕಲಿಸಿದವರು ಅವರೇ. ಆದರೆ ಗಿರಾಕಿ ಗಟ್ಟಿಯಾಗಿ ಕೆಮ್ಮಿದರೂ ಎದ್ದು ನಿಲ್ಲುವ ಜೀವ. ಅವಳನ್ನು ಬದಿಗೆ ಕರೆದು ಬೇಡಿಕೊಂಡರು. "ನೋಡು ಉಡಚಮ್ಮ, ಮಾಡಲ್ಲ ಅನ್ನಬ್ಯಾಡ, ಆಗಲ್ಲ ಅನ್ನು. ಮಷಿನ್ನಾಗ ಆಗಲ್ಲ, ಸಾಫ್ಟ್‌ವೇರ್ ಬಿಡಲ್ಲ, ಏನೋ ಒಂದು ಅನ್ನು. ಅವರ ಮರ್ಯಾದಿನೂ ಉಳಿತೈತೆ, ನಿನ್ನ ಹಟನೂ ಉಳಿತೈತೆ."

"ಹತ್ತು ನಿಮಿಷದ ಕೆಲಸ ಅಣ್ಣಾರೆ ಅದು. ಆಗಲ್ಲ ಅಂತ ಸುಳ್ಳು ಯಾಕ ಹೇಳ್ಲಿ? ಆ ಹುಡುಗಿ ಮುಖದಾಗ ಅಂಥಾದ್ದು ಏನೂ ಕೆಟ್ಟಿಲ್ಲ, ಅದಕ್ಕೇ ಮಾಡಲ್ಲ. ಇವತ್ತು ಫೋಟೋದಾಗ ಬೆಳ್ಳಗೆ ಮಾಡ್ತೀವಿ, ನಾಳೆಯಿಂದ ಆಕಿ ದಿನಾ ಆ ಫೋಟೋದ ಮುಂದೆ ಕಪ್ಪಾಗಿ ಓಡಾಡ್ಬೇಕು. ನನಗೆ ಗೊತ್ತೈತೆ ಅದೇನು ಅಂತ."

"ಗಿರಾಕಿಗೆ ಬೇಕಾದಂಗೆ ಮಾಡೋದು ನಮ್ಮ ಕಸುಬು."

"ಕಸುಬು ಅಂದ್ರೆ ಬಣ್ಣ ಸರಿ ಮಾಡೋದು ಅಣ್ಣಾರೆ. ಮನುಷ್ಯರನ್ನ ಸರಿ ಮಾಡೋದಲ್ಲ."

ಮಾಲತೇಶಪ್ಪನವರಿಗೂ ರೇಗಿತು. "ಹಂಗಾದ್ರೆ ನಾಳೆಯಿಂದ ಬರಬ್ಯಾಡ ಹೋಗು. ನಾನೇ ಮಾಡ್ಕೋತೀನಿ."

ಹದಿನೇಳು ವರ್ಷ ಕೂತ ಕುರ್ಚಿ. ಉಡಚಮ್ಮ ತಾನು ಸರಿಮಾಡಿದ ಫೋಟೋಗಳನ್ನೆಲ್ಲ ಬೇರೆ ಫೋಲ್ಡರಿನಲ್ಲಿ ಭದ್ರವಾಗಿ ಉಳಿಸಿದಳು, ಶರ್ಟು ಬಿಚ್ಚಿ ಮಡಚಿದಳು, ಮಂಡಕ್ಕಿ ಬಟ್ಟಲನ್ನು ಬ್ಯಾಗಿಗೆ ಹಾಕಿಕೊಂಡಳು. ಬಸ್ಸಿನಲ್ಲಿ ಬಟ್ಟಲನ್ನು ಹೊರಗೆ ತೆಗೆಯಲೇ ಇಲ್ಲ. ಭಯವಾಗಿತ್ತು. ತಪ್ಪು ಮಾಡಿದೆನೆಂದು ಮಾತ್ರ ಒಂದು ಕ್ಷಣಕ್ಕೂ ಅನ್ನಿಸಲಿಲ್ಲ.

ಕಲ್ಲಪ್ಪ ಎಲ್ಲವನ್ನೂ ಕೇಳಿದ. ಕೇಳಿ, "ಒಳ್ಳೇದು ಮಾಡಿದಿ ಬಿಡು" ಎಂದು ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿಕೊಂಡ. ಆ ನಿರಾಳ ನೋಡಿ ಉಡಚಮ್ಮನಿಗೆ ಎಲ್ಲಿತ್ತೋ ಹಳೇ ಸಿಟ್ಟು, ಉಕ್ಕಿ ಬಂತು. ಇಪ್ಪತ್ತೊಂದು ವರ್ಷದಲ್ಲಿ ಕೇಳದ ಮಾತು ಕೇಳಿಯೇಬಿಟ್ಟಳು.

"ಖರೆ ಹೇಳ್ರಿ. ಅವತ್ತು ಫೋಟೋದಾಕಿ ಬರ್ಲಿಲ್ಲ ಅಂತ ನಿಮಗೂ ಬ್ಯಾಸರ ಆಗಿತ್ತಾ?"

ಕಲ್ಲಪ್ಪ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದ. "ಆ ಫೋಟೋ ನೋಡಿ ನಾನು ಹೆದರಿದ್ದೆ ಮಾರಾಯ್ತಿ. ಸುಣ್ಣದ ಗೊಂಬಿ ಇದ್ದಂಗಿತ್ತು, ಇದರ ಜೊತಿ ಹೆಂಗಪ್ಪಾ ಬಾಳ್ವೆ ಮಾಡೋದು ಅಂತ. ನೀನು ಬಂದು ಇಳಿದಿ ನೋಡು, ಆಗ ಉಸಿರು ಬಿಟ್ಟೆ."

"ಮತ್ತೆ ನಿಮ್ಮವ್ವನ ಮುಂದೆ ಯಾಕ ಅದನ್ನ ಹೇಳ್ಲಿಲ್ಲ? ಹನ್ನೆರಡು ವರ್ಷ ಆ ಮಾತು ಕೇಳೀನಿ ನಾನು."

ಅವನು ತಲೆ ತಗ್ಗಿಸಿ, "ತಪ್ಪಾತು" ಅಂದ. ಉಡಚಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು ಅವನ ತಟ್ಟೆಗೆ ಪಲ್ಯ ಬಡಿಸಿದಳು. ಸಮಾಧಾನವೂ ಆಯಿತು, ಇನ್ನೆರಡು ಮಾತು ಬೈಯಬೇಕು ಅಂತಲೂ ಅನ್ನಿಸಿತು.

ಇತ್ತ ಮಾಲತೇಶಪ್ಪನವರು ತಾವೇ ಕೂತರು. ಅವರಿಗೆ ಗೊತ್ತಿದ್ದದ್ದು ಒಂದೇ ದಾರಿ. ನಮ್ಮ ಕಡೆಯವರ ಮೈಬಣ್ಣವೆಲ್ಲ ಕಂಪ್ಯೂಟರಿನ ಲೆಕ್ಕದಲ್ಲಿ ಇರುವುದು ಹಳದಿ ಮತ್ತು ಕಿತ್ತಳೆಯಲ್ಲಿ. ಆ ಎರಡನ್ನೂ ಪೂರ್ತಿ ಇಳಿಸಿ ಬೆಳಕು ಏರಿಸಿದರೆ ಯಾರಾದರೂ ಬೆಳ್ಳಗಾಗಲೇಬೇಕು. ಸಾವಿರದ ಮುನ್ನೂರು ಫೋಟೋಗೂ ಒಟ್ಟಿಗೇ ಹೊಡೆದರು. ಸೊಸೆ ಬೆಳ್ಳಗಾದಳು. ಆಲ್ಬಂ ಪ್ರಿಂಟಾಯಿತು, ರೇಷ್ಮೆ ಬಟ್ಟೆಯ ಪೆಟ್ಟಿಗೆಯಲ್ಲಿ ಸಾಹುಕಾರರ ಮನೆಗೂ ಹೋಯಿತು.

ಐದನೇ ದಿನ ಬೆಳಿಗ್ಗೆ ದಾನಿಶ್ ಫೋನು ಮಾಡಿದ. ನಗುತ್ತಿದ್ದಾನೋ ನಡುಗುತ್ತಿದ್ದಾನೋ ತಿಳಿಯುವಂತಿರಲಿಲ್ಲ.

"ಅಕ್ಕ, ಕೆಲಸ ಕೆಟ್ಟೈತೆ! ಮನೆ ಹೆಂಗಸ್ರೆಲ್ಲ ಸೇರಿ ಆಲ್ಬಂ ತೆಗೆದ್ರು. ಸಾವ್ಕಾರ್ರ ತಾಯಿ ತಿಮ್ಮವ್ವ ಅಂತ ಅಜ್ಜಿ ಐತಲ್ಲ, ಕನ್ನಡಕ ಹಾಕ್ಕೊಂಡು ತಾಳಿ ಕಟ್ಟೋ ಫೋಟೋ ನೋಡಿದ್ಲು. ನೋಡಿ ಎದಿ ಬಡ್ಕೊಂಡ್ಲು. 'ಯಾವನೋ ಅವನು, ನಮ್ಮ ಮನಿ ಸೊಸಿ ಕೊರಳಿಗೆ ಬಿಳೀ ದಾರ ಕಟ್ಟಿದೋನು?' ಅಂತ!"

ಉಡಚಮ್ಮನಿಗೆ ತಕ್ಷಣ ಅರ್ಥವಾಯಿತು. ತಾಳಿ ಪೋಣಿಸಿದ್ದು ಅರಿಶಿನದ ದಾರ. ಹಳದಿ ಇಳಿಸಿದರೆ ಮುಖ ಒಂದೇ ಬೆಳ್ಳಗಾಗುತ್ತದೆಯೇ? ಅರಿಶಿನವೂ ಹೋಯಿತು. ಮದುವಣಗಿತ್ತಿಯ ಕೊರಳಲ್ಲಿ ಹೆಣದ ಬಟ್ಟೆಯಂಥ ಬಿಳೀ ದಾರ. ಅರಿಶಿನ ಶಾಸ್ತ್ರದಲ್ಲಿ ಐದು ಜನ ಮುತ್ತೈದೆಯರು ಸೇರಿ ಹುಡುಗಿಗೆ ಬೂದಿ ಬಳಿಯುತ್ತಿದ್ದಾರೆ! ಅಜ್ಜಿ ಆಲ್ಬಂ ಮುಚ್ಚಿಸಿ, ಸರಿ ಮಾಡಿಸುವವರೆಗೆ ಇದು ಮನೆಯೊಳಗೆ ಇರಕೂಡದೆಂದು ಹೊರಗಿಡಿಸಿದ್ದಾಳಂತೆ.

ಒಂದು ಗಂಟೆಯೊಳಗೆ ಮಾಲತೇಶಪ್ಪನವರ ಫೋನೂ ಬಂತು. "ಬಂದ್ಬಿಡಮ್ಮ" ಅಂದರು.

"ಬರ್ತೀನಿ ಅಣ್ಣಾರೆ. ಆದ್ರೆ ಆ ಹುಡುಗಿನ್ನ ಕರೆಸ್ರಿ. ಮುಖ ಯಾರದೋ ಅವರು ನನ್ನ ಪಕ್ಕದಾಗ ಕೂತ್ಕೋಬೇಕು."

ಅದೇ ದಿನ ಮಧ್ಯಾಹ್ನ ಕೆಂಚವೀರಪ್ಪನವರು ಸೊಸೆಯನ್ನು ಕಾರಿನಲ್ಲಿ ಕರೆತಂದರು. ಹೋದ ಸಲದ ಜೋರು ಸ್ವಲ್ಪ ಇಳಿದಿತ್ತು, ಆಸೆ ಮಾತ್ರ ಇಳಿದಿರಲಿಲ್ಲ. "ದಾರ ಅಷ್ಟು ಹಳದಿ ಮಾಡಿಬಿಡಮ್ಮ. ಮುಖ ಹಂಗೇ ಬೆಳ್ಳಗಿರ್ಲಿ. ಅಷ್ಟಾದ್ರೂ ಆಗ್ತೈತೋ ಇಲ್ಲೋ?"

ಮಾಲತೇಶಪ್ಪನವರು ಸಾಹುಕಾರರ ಬೆನ್ನ ಹಿಂದೆ ನಿಂತು ಕೈಸನ್ನೆ ಮಾಡಿದರು. ಆಗಲ್ಲ ಅನ್ನು, ದಮ್ಮಯ್ಯ, ಆಗಲ್ಲ ಅನ್ನು. ಇಷ್ಟು ಚೆಂದದ ಅವಕಾಶ ಯಾರಿಗೆ ಸಿಗುತ್ತದೆ? ದಾರದ ಹಳದಿ ಬೇಕಾದರೆ ಮುಖದ ಬಣ್ಣವೂ ವಾಪಸ್ ಬರುತ್ತದೆ, ಎರಡೂ ಒಂದೇ ಹಳದಿ ಅಂದಿದ್ದರೆ ಸಾಹುಕಾರರು ನಂಬಿ ಸುಮ್ಮನಾಗುತ್ತಿದ್ದರು.

"ಆಗ್ತೈತ್ರಿ" ಅಂದಳು ಉಡಚಮ್ಮ. "ದಾರ ಬ್ಯಾರೆ, ಮುಖ ಬ್ಯಾರೆ ಮಾಡ್ಬಹುದು. ನಾನು ಮಾಡಲ್ಲ. ಆಕಿಗೆ ತೋರಿಸಿಕೊಡ್ತೀನಿ. ಆಕಿ ಮುಖ, ಆಕಿ ಬೇಕಾದ್ರೆ ಮಾಡ್ಕೊಳ್ಲಿ. ನೀವು ಹೊರಗೆ ಕೂಡ್ರಿ, ಚಾ ತರಿಸ್ತಾರೆ."

ಮಾಲತೇಶಪ್ಪನವರು ತಲೆಯ ಮೇಲೆ ಕೈಯಿಟ್ಟುಕೊಂಡರು.

ಕ್ಯಾಬಿನ್ನಿನಲ್ಲಿ ಕೀರ್ತನಾ ಸ್ಟೂಲಿನ ಮೇಲೆ ಕೂತಳು. ಫೋಟೋದಲ್ಲಿ ಕಂಡದ್ದಕ್ಕಿಂತ ಸಣ್ಣವಳು, ದನಿಯೂ ಸಣ್ಣದು. ಬಾಗಿಲು ಹಾಕಿದ ಮೇಲೆ ಮೆಲ್ಲಗೆ ಹೇಳಿದಳು. "ಅಕ್ಕ, ನನ್ನ ಸಲುವಾಗಿ ನೀವು ಕೆಲಸ ಕಳ್ಕೊಂಡ್ರಿ ಅಂತ ದಾನಿಶ್ ಅಣ್ಣ ಹೇಳಿದ್ರು. ಅಷ್ಟೆಲ್ಲ ಯಾಕ್ರಿ? ಬೆಳ್ಳಗೆ ಮಾಡಿಬಿಡ್ರಿ. ಹೊಸಾ ಮನಿ, ಇದಕ್ಕೆಲ್ಲ ಜಗಳ ಬ್ಯಾಡ. ನನಗೇನೂ ಬ್ಯಾಸರಿಲ್ಲ."

ಇದನ್ನು ಮಾತ್ರ ಉಡಚಮ್ಮ ಎಣಿಸಿರಲಿಲ್ಲ. ಬೈಯಬೇಕೆನ್ನಿಸಿತು, ತಬ್ಬಿಕೊಳ್ಳಬೇಕೆನ್ನಿಸಿತು. ತನ್ನ ಕಥೆ, ಅತ್ತೆಯ ಮಾತು, ಹನ್ನೆರಡು ವರ್ಷ, ಎಲ್ಲ ನಾಲಿಗೆಯ ತುದಿಗೆ ಬಂತು. ನುಂಗಿಕೊಂಡಳು. ತನ್ನ ಸಿಟ್ಟನ್ನು ಈ ಹುಡುಗಿಯ ತಲೆಗೆ ಕಟ್ಟಿದರೆ ಅದೂ ಒಂದು ಬಣ್ಣ ಬಳಿದಂತೆಯೇ ಅಲ್ಲವೇ?

"ಆತವ್ವ. ನಿನ್ನ ಮುಖ, ನಿನ್ನ ಇಷ್ಟ. ಬಾ ಇಲ್ಲಿ" ಎಂದು ತನ್ನ ಕುರ್ಚಿ ಬಿಟ್ಟುಕೊಟ್ಟಳು. ಬೂದು ಶರ್ಟನ್ನೂ ಅವಳಿಗೇ ತೊಡಿಸಿದಳು. ತಾನು ಉಳಿಸಿಟ್ಟಿದ್ದ ಫೋಲ್ಡರ್ ತೆರೆದಳು. ಅರಿಶಿನದ ದಾರ ಹಳದಿಯಾಗಿಯೇ ಇತ್ತು. ನಂತರ ಅರಿಶಿನ ಶಾಸ್ತ್ರದ ಒಂದು ಫೋಟೋ ದೊಡ್ಡದು ಮಾಡಿದಳು. ಕೀರ್ತನಾಳ ತಾಯಿ ಯಲ್ಲಕ್ಕ ಮಗಳ ಕೆನ್ನೆಗೆ ಅರಿಶಿನ ಹಚ್ಚುತ್ತಿದ್ದ ಫೋಟೋ. ಇಡೀ ಅಂಗೈ ಕೆನ್ನೆಯ ಮೇಲಿತ್ತು. ಇಬ್ಬರ ಕಣ್ಣಲ್ಲೂ ನೀರು, ಬಾಯಲ್ಲಿ ನಗು.

"ಈ ಬ್ರಷ್ ನಿನ್ನ ಮುಖದ ಮೇಲೆ ಆಡಿಸು. ಈಗ ಈ ಗೀಟಿನ ಮೇಲಿರೋ ಗುಂಡಿ ಎಡಕ್ಕೆ ಎಳಿ. ಎಷ್ಟು ಎಳಿತೀಯೋ ಅಷ್ಟು ಬೆಳ್ಳಗಾಗ್ತೀಯ."

ಕೀರ್ತನಾ ಎಳೆದಳು. ಕೆನ್ನೆ ತಿಳಿಯಾಯಿತು. ಇನ್ನಷ್ಟು ಎಳೆದಳು. ಇನ್ನಷ್ಟು. ಸ್ಕ್ರೀನಿನಲ್ಲಿ ಒಬ್ಬಳು ಬೆಳ್ಳನೆಯ ಹುಡುಗಿ ಬಂದು ಕೂತಳು, ಅವಳ ಕೆನ್ನೆಯ ಮೇಲೆ ಒಂದು ಕಪ್ಪು ಕೈ.

ಮೌಸು ನಿಂತಿತು.

"ಅಕ್ಕ, ಇದು ನಮ್ಮವ್ವನ ಕೈ ಅಲ್ಲ ಅನ್ನಂಗೆ ಕಾಣ್ತೈತೆ. ಯಾರೋ ಕೆಲಸದೋರು ಬಂದು ಹಚ್ಚಿದಂಗೆ."

ಉಡಚಮ್ಮ ಮಂಡಕ್ಕಿ ಬಟ್ಟಲನ್ನೇ ನೋಡುತ್ತ ಕೂತಳು.

"ಅವ್ವನ ಕೈನೂ ಬೆಳ್ಳಗೆ ಮಾಡ್ಬಹುದಾ?"

"ಮಾಡ್ಬಹುದು."

"ಮುಖಾನೂ?"

"ಮುಖಾನೂ."

"ಹಿಂದೆ ನಮ್ಮ ದೊಡ್ಡವ್ವ ನಿಂತಾರೆ. ಆಮೇಲೆ ನಮ್ಮ ತಮ್ಮ." ಗಣಿತದ ಟೀಚರು ಒಬ್ಬೊಬ್ಬರನ್ನೇ ಬೆರಳಿಟ್ಟು ಎಣಿಸಿದಳು. ಎಣಿಸುತ್ತ ಎಣಿಸುತ್ತ ದನಿ ಒಡೆಯಿತು. "ಎಲ್ಲಿಗೆ ನಿಲ್ಲಿಸೋದ್ರಿ ಅಕ್ಕ ಇದನ್ನ?"

"ನನಗೆ ಗೊತ್ತಿಲ್ಲವ್ವ. ಅದಕ್ಕೇ ನಾನು ಶುರುನೇ ಮಾಡಲ್ಲ."

ಕೀರ್ತನಾ ಆ ಕೈಯನ್ನು ಇನ್ನೊಮ್ಮೆ ನೋಡಿದಳು. ಆಮೇಲೆ ಗುಂಡಿಯನ್ನು ಬಲಕ್ಕೆ ಎಳೆದಳು, ತಾನಾಗಿ, ಯಾರೂ ಹೇಳದೆ. ಮೊದಲಿದ್ದ ಜಾಗಕ್ಕೆ ಬಂದಾಗ ಕೆನ್ನೆಯೂ ಕೈಯೂ ಮತ್ತೆ ಒಂದೇ ಮನೆಯವಾದವು, ಎರಡರ ಮೇಲೂ ಒಂದೇ ಅರಿಶಿನ. ಮೂಗೊರೆಸಿಕೊಂಡು, "ಅವ್ವನ ಹಣಿನೇ ನಂದು, ನೋಡ್ರಿ" ಅಂದಳು. ಉಡಚಮ್ಮನಿಗೆ ಸ್ಕ್ರೀನು ಮಂಜಾಯಿತು. ಬಟ್ಟಲನ್ನು ಅವಳ ಕಡೆ ಸರಿಸಿದಳು. ಇಬ್ಬರೂ ಮಂಡಕ್ಕಿ ತಿನ್ನುತ್ತ ಉಳಿದ ಫೋಟೋಗಳನ್ನು ನೋಡಿ ಮುಗಿಸಿದರು.

ಹೊರಗೆ ಕೆಂಚವೀರಪ್ಪನವರು ಎರಡನೇ ಚಹಾ ಮುಗಿಸಿದ್ದರು. ಬಿಸಿಬಿಸಿ ಪ್ರಿಂಟನ್ನು ಬೆಳಕಿಗೆ ಹಿಡಿದು ನೋಡಿದರು. ದಾರ ಹಳದಿಯಾಗಿತ್ತು. ಅರಿಶಿನ ಅರಿಶಿನವಾಗಿತ್ತು. ಸೊಸೆ ಸೊಸೆಯಾಗಿಯೇ ಇದ್ದಳು. ಎದುರಿಗೆ ನಿಂತವಳನ್ನೂ ಒಮ್ಮೆ ನೋಡಿದರು, ಮತ್ತೆ ಪ್ರಿಂಟು ನೋಡಿದರು. ಫೋಟೋದಾಕಿಗೂ ಬಂದಾಕಿಗೂ ಕೂದಲೆಳೆಯಷ್ಟೂ ವ್ಯತ್ಯಾಸ ಇರಲಿಲ್ಲ.

"ಯಾಕ, ಬೆಳ್ಳಗೆ ಮಾಡಾಕ ಕಡೀಗೂ ಆಗ್ಲಿಲ್ಲಂತಾ?"

ಮಾಲತೇಶಪ್ಪನವರು ಓಡಿಬಂದರು. "ಹೌದ್ರಿ ಸಾವ್ಕಾರ್ರೆ, ಅದು ಏನಾಗ್ತೈತೆ ಅಂದ್ರೆ, ಮಷಿನ್ನಾಗ..."

"ಆಗ್ತೈತ್ರಿ ಮಾವ" ಅಂದಳು ಕೀರ್ತನಾ. ಬೂದು ಶರ್ಟು ಇನ್ನೂ ಅವಳ ಮೈಮೇಲೇ ಇತ್ತು. "ನಾನೇ ಮಾಡ್ಲಿಲ್ಲ."